ಆಟೊಮೇಷನ್–ರೋಬಾಟಿಕ್ಸ್ ಟೆಕ್ನಿಶಿಯನ್ ಆಗಲು ಯಾವ ದಾರಿ? ಐದು ಬಗೆಯ ತರಬೇತಿಗಳ ಹೋಲಿಕೆ

ಡಿಪ್ಲೊಮಾಗೆ ಸೇರಲೇ, ಮೂರು ತಿಂಗಳ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಕೋರ್ಸ್ ಸಾಕೇ, ಅಪ್ರೆಂಟಿಸ್ ಆಗಿ ಹೋಗಲೇ, ಮನೆಯಲ್ಲೇ ಕೂತು ಕಲಿಯಲಾದೀತೇ? ಈ ಕ್ಷೇತ್ರಕ್ಕೆ ಬರಬೇಕೆಂದಿರುವವರು ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಈಗಷ್ಟೇ ಶಾಲೆ ಮುಗಿಸಿದವರಿಗೆ ಹೊಂದುವ ದಾರಿ, ಎಂಟು ವರ್ಷದಿಂದ ಪ್ಯಾನೆಲ್ ವೈರಿಂಗ್ ಮಾಡುತ್ತಿರುವ ಎಲೆಕ್ಟ್ರಿಷಿಯನ್‌ಗೆ ಹೊಂದುವುದಿಲ್ಲ. ಆದರೆ ಅಳೆಯುವ ಕೋಲು ಎಲ್ಲರಿಗೂ ಒಂದೇ ಇರಬಹುದು. ಅದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ಅರ್ಧ ಮುಗಿದ ಹಾಗೆ.

ಕೆಲಸ ಎಂದರೆ ಏನು, ಹತ್ತಿರದಿಂದ

ಕನ್ವೇಯರ್ ಮೇಲೆ ಪೆಟ್ಟಿಗೆ ಬಂದು ನಿಂತಿದೆ. ಅದನ್ನು ಪಕ್ಕಕ್ಕೆ ತಳ್ಳಬೇಕಾದ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಿಂದ ಓಡುವ) ಸಿಲಿಂಡರ್ ಅಲುಗುತ್ತಿಲ್ಲ. ಲೈನ್ ನಿಂತಿದೆ, ಸೂಪರ್‌ವೈಸರ್ ಬೆನ್ನ ಹಿಂದೆ ನಿಂತಿದ್ದಾರೆ. ಸೆನ್ಸರ್ ಮೇಲಿನ ಹಳದಿ ಎಲ್‌ಇಡಿ ಉರಿಯುತ್ತಿದೆ, ಅಂದರೆ ಪೆಟ್ಟಿಗೆ ಅದಕ್ಕೆ ಕಾಣುತ್ತಿದೆ. ಪ್ಯಾನೆಲ್ ತೆರೆದು ನೋಡಿದರೆ ಪಿಎಲ್‌ಸಿಯ ಆ ಇನ್‌ಪುಟ್‌ನ ದೀಪ ಮಾತ್ರ ಆರಿದೆ. ದೋಷ ಇರುವುದು ಇವೆರಡರ ನಡುವೆ.

ಮಲ್ಟಿಮೀಟರ್‌ನ ಕಪ್ಪು ಪ್ರೋಬನ್ನು 0 ವೋಲ್ಟ್ ಟರ್ಮಿನಲ್‌ಗೆ ಇಟ್ಟು, ಕೆಂಪನ್ನು ಸೆನ್ಸರ್‌ನಿಂದ ಬಂದ ಕಪ್ಪು ತಂತಿಗೆ ತಾಗಿಸಿದರೆ 24 ವೋಲ್ಟ್ ಬರಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ತಂತಿ ತುಂಡಾಗಿರಬಹುದು. ಅಥವಾ ಹಿಂದಿನ ಶಿಫ್ಟ್‌ನವರು ಅವಸರದಲ್ಲಿ ಪಿಎನ್‌ಪಿ ಸೆನ್ಸರ್ ಇದ್ದ ಜಾಗಕ್ಕೆ ಎನ್‌ಪಿಎನ್ ಸೆನ್ಸರ್ ಹಾಕಿ ಹೋಗಿರಬಹುದು. ಎರಡರದ್ದೂ ತಂತಿಗಳ ಬಣ್ಣ ಒಂದೇ: ಕಂದು 24 ವೋಲ್ಟ್, ನೀಲಿ 0, ಕಪ್ಪು ಔಟ್‌ಪುಟ್. ಎಲ್‌ಇಡಿಯೂ ಒಂದೇ ರೀತಿ ಉರಿಯುತ್ತದೆ. ಆದರೆ ಪಿಎನ್‌ಪಿ ತನ್ನ ಔಟ್‌ಪುಟ್ ತಂತಿಗೆ 24 ವೋಲ್ಟ್ ಕೊಟ್ಟರೆ, ಎನ್‌ಪಿಎನ್ ಅದನ್ನು 0 ವೋಲ್ಟ್ ಕಡೆಗೆ ಎಳೆಯುತ್ತದೆ. 24 ವೋಲ್ಟ್‌ಗಾಗಿ ಕಾಯುತ್ತಿರುವ ಇನ್‌ಪುಟ್ ಕಾರ್ಡ್‌ಗೆ ಅದು ಎಂದೂ ಕಾಣುವುದಿಲ್ಲ.

ಇನ್‌ಪುಟ್ ಸರಿಯಿದ್ದರೆ ಹುಡುಕಾಟ ಮುಂದಕ್ಕೆ ಹೋಗುತ್ತದೆ. ಪ್ರೋಗ್ರಾಮ್‌ನ ಆ ಸಾಲಿನಲ್ಲಿ ಯಾವ ಷರತ್ತು ಪೂರ್ತಿಯಾಗಿಲ್ಲ? ಔಟ್‌ಪುಟ್ ಬಂದಿದೆಯೇ? ವಾಲ್ವ್‌ನ ಕಾಯಿಲ್‌ಗೆ 24 ವೋಲ್ಟ್ ತಲುಪಿದೆಯೇ? ವಾಲ್ವ್‌ನ ಕೈಗುಂಡಿ ಒತ್ತಿದರೆ ಸಿಲಿಂಡರ್ ಓಡುತ್ತದೆಯೇ? ಓಡಿದರೆ ಗಾಳಿ ಸರಿಯಿದೆ. ಹಾಗಾದರೆ ಸಿಲಿಂಡರ್ ಎಲ್ಲಿಗೆ ತಲುಪಿದೆಯೆಂದು ತಿಳಿಸುವ, ಅದರ ಮೈಮೇಲಿನ ರೀಡ್ ಸ್ವಿಚ್ ಅದುರಾಟಕ್ಕೆ ಎರಡು ಮಿಲಿಮೀಟರ್ ಜರುಗಿ, ಹಿಂದಿನ ಹಂತ ಮುಗಿದ ಸುದ್ದಿಯೇ ಪಿಎಲ್‌ಸಿಗೆ ಬಂದಿರಲಿಕ್ಕಿಲ್ಲ.

ಒಂದೇ ದೋಷದಲ್ಲಿ ವಿದ್ಯುತ್ತು, ಪ್ರೋಗ್ರಾಮ್, ಗಾಳಿ, ಯಂತ್ರಭಾಗ ನಾಲ್ಕೂ ಬಂದವು. ಲ್ಯಾಪ್‌ಟಾಪ್‌ನಲ್ಲಿ ಲ್ಯಾಡರ್ (ಏಣಿಯಂಥ ಚಿತ್ರದಲ್ಲಿ ಪಿಎಲ್‌ಸಿ ಪ್ರೋಗ್ರಾಮ್ ಬರೆಯುವ ಭಾಷೆ) ಬರೆಯುವುದನ್ನಷ್ಟೇ ಕಲಿತವರು ಇಲ್ಲಿ ಪ್ರೋಗ್ರಾಮನ್ನೇ ತಿದ್ದಲು ಹೊರಡುತ್ತಾರೆ. ನಿನ್ನೆ ಸಂಜೆಯವರೆಗೆ ಸರಿಯಾಗಿ ಓಡಿದ ಪ್ರೋಗ್ರಾಮ್ ರಾತ್ರಿ ಬೆಳಗಾಗುವುದರೊಳಗೆ ತಾನಾಗಿ ಕೆಡುವುದು ತೀರಾ ಅಪರೂಪ.

ಅಳೆಯಬೇಕಾದದ್ದು ಯಾವುದನ್ನು

ಮೇಲಿನ ಚಿತ್ರ ಕಣ್ಣ ಮುಂದಿದ್ದರೆ ಮಾನದಂಡಗಳು ತಾವಾಗಿ ಹೊರಡುತ್ತವೆ. ಎಲ್ಲಕ್ಕಿಂತ ಮೊದಲನೆಯದು, ಬಲ್ಲವರೊಬ್ಬರು ಪಕ್ಕದಲ್ಲಿರುವಾಗ ಕೆಟ್ಟ ಯಂತ್ರದ ಮೇಲೆ ನಿಮ್ಮ ಸ್ವಂತ ಕೈ ಎಷ್ಟು ಗಂಟೆ ಓಡಾಡುತ್ತದೆ ಎಂಬುದು. ನಮ್ಮ ಲೆಕ್ಕದಲ್ಲಿ ಉಳಿದೆಲ್ಲವನ್ನೂ ಸೇರಿಸಿದರೂ ಇದರ ತೂಕವೇ ಹೆಚ್ಚು.

ಎರಡನೆಯದು ವಿದ್ಯುತ್ತಿನ ಬುನಾದಿ ಮತ್ತು ಸುರಕ್ಷತೆ. ಮೂರು ಫೇಸ್, ಮೋಟಾರ್, ವಿದ್ಯುತ್ತಿನಿಂದಲೇ ಆನ್–ಆಫ್ ಆಗುವ ಸ್ವಿಚ್‌ಗಳಾದ ರಿಲೇ, ಕಾಂಟ್ಯಾಕ್ಟರ್, ಡ್ರಾಯಿಂಗ್ ಓದುವುದು, ಸಪ್ಲೈಗೆ ಬೀಗ ಹಾಕಿ ಟ್ಯಾಗ್ ತೂಗುಹಾಕಿ ಕೆಲಸ ಮಾಡುವುದು, ಇವಿಲ್ಲದೆ ಮೇಲಿನದ್ದೇನೂ ನಿಲ್ಲುವುದಿಲ್ಲ. ಇದಕ್ಕೊಂದು ಚರಿತ್ರೆಯೂ ಇದೆ. 1968ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ರಿಲೇ ಪ್ಯಾನೆಲ್‌ಗಳ ಜಾಗಕ್ಕೆ ಬೇರೇನಾದರೂ ಬೇಕೆಂದು ಕೇಳಿತು. ಅದಕ್ಕೆ ಉತ್ತರವಾಗಿ ಬಂದ ಮೋಡಿಕಾನ್ 084 ಎಂಬ ಪಿಎಲ್‌ಸಿಯಲ್ಲಿ ಪ್ರೋಗ್ರಾಮ್ ಬರೆಯುವ ರೀತಿಯನ್ನು ರಿಲೇ ಡ್ರಾಯಿಂಗ್‌ನಂತೆಯೇ ಇಟ್ಟರು, ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳಿಗೆ ಓದಲು ಬರಲೆಂದು. ಲ್ಯಾಡರ್ ಹುಟ್ಟಿದ್ದೇ ಅಲ್ಲಿಂದ. ರಿಲೇ ಸರ್ಕ್ಯೂಟ್ ಅರ್ಥವಾದವರಿಗೆ ಇವತ್ತಿಗೂ ಲ್ಯಾಡರ್ ಬೇಗ ಒಲಿಯುತ್ತದೆ.

ಮೂರನೆಯದು ವಿಸ್ತಾರ: ನ್ಯೂಮ್ಯಾಟಿಕ್ಸ್, ಡ್ರೈವ್ (ಮೋಟಾರ್‌ನ ವೇಗ ನಿಯಂತ್ರಿಸುವ ಸಾಧನ), ಏರಿಳಿಯುವ ಅಳತೆ ಕೊಡುವ ಅನಲಾಗ್ ಉಪಕರಣಗಳು, ನೆಟ್‌ವರ್ಕ್, ರೋಬಾಟ್, ಇವುಗಳಲ್ಲಿ ಎಷ್ಟು ಸಿಗುತ್ತದೆ? ನಾಲ್ಕನೆಯದು ಸರ್ಟಿಫಿಕೇಟಿನ ಬೆಲೆ, ಅಂದರೆ ಅರ್ಜಿಯನ್ನು ಮೊದಲ ಜರಡಿಯಲ್ಲಿ ಉಳಿಸುವಷ್ಟು ಮಾನ್ಯತೆ ಅದಕ್ಕಿದೆಯೇ ಎಂಬುದು. ಐದನೆಯದು ಖರ್ಚು. ಫೀ ಒಂದನ್ನೇ ಲೆಕ್ಕ ಹಾಕಿದರೆ ಮೋಸಹೋಗುತ್ತೀರಿ. ಸಂಬಳವಿಲ್ಲದೆ ಕಳೆಯುವ ತಿಂಗಳುಗಳು, ವಸತಿ, ಉಪಕರಣ ಎಲ್ಲವನ್ನೂ ಕೂಡಿಸಿ.

ಯಾವ ಬ್ರ್ಯಾಂಡ್ ಕಲಿಸುತ್ತಾರೆ ಎಂಬುದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಪಿಎಲ್‌ಸಿ ಭಾಷೆಗಳಿಗೆ ಐಇಸಿ 61131-3 ಎಂಬ ಮಾನಕ 1993ರಿಂದ ಇದೆ. ಒಂದು ಬ್ರ್ಯಾಂಡನ್ನು ಆಳವಾಗಿ ಬಲ್ಲವರಿಗೆ ಇನ್ನೊಂದಕ್ಕೆ ದಾಟಲು ಕೆಲವು ವಾರ ಸಾಕು. ನಾಲ್ಕು ಬ್ರ್ಯಾಂಡ್‌ಗಳ ಮೇಲ್ಮೇಲೆ ಕೈಯಾಡಿಸಿದವರು ಮೊದಲ ಬ್ರೇಕ್‌ಡೌನ್‌ನಲ್ಲೇ ಸಿಕ್ಕಿಬೀಳುತ್ತಾರೆ.

ಎರಡು–ಮೂರು ವರ್ಷದ ಡಿಪ್ಲೊಮಾ

ಇದರ ದೊಡ್ಡ ಬಲ ಸಮಯ. ಮೋಟಾರ್‌ನ ನೇಮ್‌ಪ್ಲೇಟ್‌ನಲ್ಲಿ ನಿಮಿಷಕ್ಕೆ 1440 ಸುತ್ತು ಎಂದೇಕೆ ಬರೆದಿದೆ, 50 ಹರ್ಟ್ಸ್‌ಗೆ ನಾಲ್ಕು ಪೋಲ್ ಇದ್ದರೆ 1500 ಬರಬೇಕಿತ್ತಲ್ಲ ಎಂಬಂಥ ಪ್ರಶ್ನೆಯನ್ನು ನಿಧಾನವಾಗಿ ಬಿಡಿಸಿ ಹೇಳಲು ಮೂರು ತಿಂಗಳ ಕೋರ್ಸ್‌ನಲ್ಲಿ ಪುರಸೊತ್ತಿರುವುದಿಲ್ಲ. ಡಿಪ್ಲೊಮಾದಲ್ಲಿ ಇರುತ್ತದೆ. ಮಾನ್ಯತೆಯೂ ಗಟ್ಟಿ. ಮುಂದೆ ಓದಬೇಕೆನಿಸಿದರೆ ಬಾಗಿಲು ತೆರೆದಿರುತ್ತದೆ, ಹತ್ತು ವರ್ಷದ ನಂತರ ಬಡ್ತಿಯ ಮಾತು ಬಂದಾಗಲೂ ಈ ಕಾಗದ ಕೆಲಸಕ್ಕೆ ಬರುತ್ತದೆ.

ಸೋಲುವುದು ಲ್ಯಾಬಿನಲ್ಲಿ. ಆರು ಜನಕ್ಕೊಂದು ಟ್ರೇನರ್ ಕಿಟ್, ಅದರ ಮೇಲೆ ಒಂದಷ್ಟು ಟಾಗಲ್ ಸ್ವಿಚ್ಚು, ಒಂದಷ್ಟು ಬಲ್ಬು. ಅಂಥ ಕಿಟ್ ಕೆಡುವುದೇ ಇಲ್ಲ. ಕೆಡದ ಯಂತ್ರದ ಮುಂದೆ ರಿಪೇರಿ ಕಲಿಯುವುದು ಹೇಗೆ? ರೋಬಾಟ್ ಇದ್ದರೂ ಅತಿಥಿಗಳು ಬಂದಾಗ ಮಾತ್ರ ಆನ್ ಆಗುವ ಜಾಗಗಳುಂಟು. ಸೇರುವ ಮುನ್ನ ಲ್ಯಾಬ್ ನೋಡಲು ಹೋದಾಗ ಅಧ್ಯಾಪಕರನ್ನಲ್ಲ, ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ: ಹೋದ ವಾರ ಈ ಬೆಂಚಿನ ಮೇಲೆ ನೀವೇನು ಮಾಡಿದಿರಿ? ಕಾರ್ಖಾನೆಯಲ್ಲಿ ಕಡ್ಡಾಯ ತರಬೇತಿ ಎಷ್ಟು ವಾರ? ಉತ್ತರ ತಡವರಿಸಿ ಬಂದರೆ ಅದೇ ಉತ್ತರ.

ಈಗಾಗಲೇ ಸೇರಿಬಿಟ್ಟಿದ್ದರೆ ಕೊನೆಯ ವರ್ಷದ ಪ್ರಾಜೆಕ್ಟನ್ನು ಬಳಸಿಕೊಳ್ಳಿ. ನೆಲದ ಮೇಲಿನ ಗೆರೆ ಹಿಂಬಾಲಿಸುವ ಆಟದ ಗಾಡಿ ಮಾಡಲು ಖುಷಿ, ಆದರೆ ಅದರಲ್ಲಿ 24 ವೋಲ್ಟ್ ಕಂಟ್ರೋಲ್ ಇಲ್ಲ, ಟರ್ಮಿನಲ್ ಇಲ್ಲ, ಎಮರ್ಜೆನ್ಸಿ ಸ್ಟಾಪ್ ಇಲ್ಲ. ಒಂದು ಸಣ್ಣ ಪಿಎಲ್‌ಸಿ, ಎರಡು ಸಿಲಿಂಡರ್, ಒಂದು ವಿಎಫ್‌ಡಿ (ಡ್ರೈವ್) ಮತ್ತು ಮೋಟಾರ್, ಒಂದು ಎಚ್‌ಎಂಐ (ಯಂತ್ರವನ್ನು ನೋಡಿ ನಡೆಸುವ ಪರದೆ) ಸೇರಿಸಿ ವಸ್ತು ಬೇರ್ಪಡಿಸುವ ಪುಟ್ಟ ಸ್ಟೇಷನ್ ಕಟ್ಟಿ, ಅದರ ವೈರಿಂಗ್ ಡ್ರಾಯಿಂಗನ್ನು ಅಚ್ಚುಕಟ್ಟಾಗಿ ತೆಗೆದಿಡಿ. ಸಂದರ್ಶನದಲ್ಲಿ ಆ ಡ್ರಾಯಿಂಗ್ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಅಪ್ರೆಂಟಿಸ್‌ಶಿಪ್

ಮೊದಲ ಮಾನದಂಡದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ದಿನವೂ ನಿಜವಾದ ದೋಷ, ಪಕ್ಕದಲ್ಲಿ ನುರಿತವರು, ಕೈಗೆ ಸ್ವಲ್ಪವಾದರೂ ಹಣ. ಜರ್ಮನಿಯಲ್ಲಿ ಮೆಕಾಟ್ರಾನಿಕ್ಸ್ ಅಪ್ರೆಂಟಿಸ್‌ಶಿಪ್ ಮೂರೂವರೆ ವರ್ಷದ್ದು, ಕಂಪನಿಯಲ್ಲಿ ಕೆಲಸ ಮತ್ತು ವೃತ್ತಿಶಾಲೆಯಲ್ಲಿ ಪಾಠ ಎರಡೂ ಜೊತೆಜೊತೆಗೆ ನಡೆಯುತ್ತವೆ. ಪಾಠವಿಲ್ಲದ ಅಪ್ರೆಂಟಿಸ್‌ಶಿಪ್‌ನಲ್ಲಿ ಏನು ಮಾಡಬೇಕೆಂಬುದು ತಿಳಿಯುತ್ತದೆ, ಏಕೆ ಎಂಬುದು ತಿಳಿಯದೆ ಉಳಿಯುತ್ತದೆ. ಹಾಗಾಗಿ ವಾರಕ್ಕೆ ಒಂದು ದಿನವಾದರೂ ತರಗತಿ ಇರುವುದನ್ನು ಹುಡುಕಿ.

ಇಲ್ಲಿನ ತೊಂದರೆ ಏನೆಂದರೆ, ಎಂಥ ಕಾರ್ಖಾನೆ ಸಿಗುತ್ತದೋ ಅಂಥ ವಿದ್ಯೆ. ಪ್ಯಾಕಿಂಗ್ ಯಂತ್ರಗಳ ಜಾಗದಲ್ಲಿ ಸೆನ್ಸರ್, ಸರ್ವೊ (ಬೇಕಾದ ಸ್ಥಾನಕ್ಕೆ ನಿಖರವಾಗಿ ನಿಲ್ಲುವ ಮೋಟಾರ್), ನ್ಯೂಮ್ಯಾಟಿಕ್ಸ್ ಧಾರಾಳ. ಸಿಮೆಂಟ್ ಅಥವಾ ರಾಸಾಯನಿಕ ಘಟಕದಲ್ಲಿ ಒತ್ತಡ, ಉಷ್ಣತೆ, ಹರಿವು ಅಳೆಯುವ ಉಪಕರಣಗಳು ಮತ್ತು ದೊಡ್ಡ ಡ್ರೈವ್‌ಗಳು. ಕಾರಿನ ಬಾಡಿ ಶಾಪ್‌ನಲ್ಲಿ ರೋಬಾಟ್‌ಗಳ ಸಾಲು. ಮೊದಲ ಕೈಗಾರಿಕಾ ರೋಬಾಟ್ ಯುನಿಮೇಟ್ 1961ರಲ್ಲಿ ಕೆಲಸಕ್ಕೆ ನಿಂತದ್ದೂ ಜನರಲ್ ಮೋಟಾರ್ಸ್‌ನ ಕಾರ್ಖಾನೆಯಲ್ಲೇ. ರೋಬಾಟ್ ಕಲಿಯುವುದೇ ನಿಮ್ಮ ಗುರಿಯಾಗಿದ್ದರೆ ಹಿಟ್ಟಿನ ಗಿರಣಿಯಲ್ಲಿ ಸೇರಿ ಕಾಯುವುದರಲ್ಲಿ ಅರ್ಥವಿಲ್ಲ.

ಸಹಿ ಹಾಕುವ ಮುನ್ನ ಕೇಳಿ: ವಿಭಾಗದಿಂದ ವಿಭಾಗಕ್ಕೆ ಸರದಿಯ ಮೇಲೆ ಕಳಿಸುತ್ತಾರೆಯೇ? ಕಲಿತದ್ದನ್ನು ಬರೆದಿಡುವ ಲಾಗ್‌ಬುಕ್ ಇದೆಯೇ? ನನಗೆ ಕಲಿಸುವ ವ್ಯಕ್ತಿ ಯಾರು? ಮೇಂಟೆನೆನ್ಸ್ ವಿಭಾಗಕ್ಕೋ, ಉತ್ಪಾದನೆಗೋ? ಕೊನೆಯದು ಬಹಳ ಮುಖ್ಯ. ಉತ್ಪಾದನೆಗೆ ಹಾಕಿದರೆ ಎರಡು ವರ್ಷ ಯಂತ್ರಕ್ಕೆ ಸಾಮಾನು ತುಂಬುವುದರಲ್ಲೇ ಕಳೆದುಹೋದೀತು.

ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಸುರಕ್ಷತೆಯ ಅಭ್ಯಾಸವೂ ಜಾಗದಿಂದಲೇ ಅಂಟುತ್ತದೆ. ಗಾರ್ಡ್ ಬಾಗಿಲಿನ ಸ್ವಿಚ್‌ಗೆ ಜಂಪರ್ ತಂತಿ ಹಾಕಿ ಯಂತ್ರ ಓಡಿಸುವ ಕಡೆ ಕಲಿತವರಿಗೆ ಅದೇ ಸಹಜವೆನಿಸಿಬಿಡುತ್ತದೆ. ಕಾರ್ಖಾನೆ ನೋಡಲು ಬಿಟ್ಟರೆ ಬಾಗಿಲ ಸ್ವಿಚ್‌ಗಳನ್ನು ಗಮನಿಸಿ. ಸ್ವಿಚ್ಚಿನ ನಾಲಿಗೆಯನ್ನು ಬಾಗಿಲಿನಿಂದ ಕಿತ್ತು ಟೇಪ್ ಸುತ್ತಿ ಸಿಕ್ಕಿಸಿದ್ದರೆ, ಅಲ್ಲಿ ಕಲಿಯಬೇಡಿ.

ಎರಡರಿಂದ ಆರು ತಿಂಗಳ ಕೋರ್ಸ್

ಹೆಚ್ಚು ಜನ ತೊಳಲಾಡುವುದು ಇಲ್ಲಿ, ಹೆಚ್ಚು ಹಣ ಹಾಳಾಗುವುದೂ ಇಲ್ಲೇ. ಚೆನ್ನಾಗಿ ನಡೆಸುವವರೂ ಇದ್ದಾರೆ. ಆದ್ದರಿಂದ ಬೇರ್ಪಡಿಸುವುದು ಹೇಗೆಂದು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಜಾಹೀರಾತಿನಲ್ಲಿ ಐದು ಬ್ರ್ಯಾಂಡ್ ಪಿಎಲ್‌ಸಿ, ಸ್ಕಾಡಾ (ಇಡೀ ಘಟಕವನ್ನು ಕಂಪ್ಯೂಟರಿನಲ್ಲಿ ನೋಡಿ ನಡೆಸುವ ವ್ಯವಸ್ಥೆ), ಎಚ್‌ಎಂಐ, ವಿಎಫ್‌ಡಿ, ರೋಬಾಟ್ ಎಂದು ಪಟ್ಟಿ ಇರುತ್ತದೆ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. ಮೂರು ತಿಂಗಳೆಂದರೆ ಹದಿಮೂರು ವಾರ. ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ, ಒಟ್ಟು 260 ಗಂಟೆ. ಒಂಬತ್ತು ವಿಷಯಗಳಿಗೆ ಹಂಚಿದರೆ ತಲಾ 29 ಗಂಟೆ. ಒಂದು ಕಿಟ್‌ಗೆ ನಾಲ್ಕು ಜನ ಎಂದಾದರೆ, ಪಾಠಕ್ಕೆಂದು ಒಂದು ನಿಮಿಷವನ್ನೂ ಕಳೆಯದಿದ್ದರೂ, ನಿಮ್ಮ ಕೈಗೆ ಸಿಗುವುದು ಏಳೇ ಗಂಟೆ. ಅದೇ 260 ಗಂಟೆಯನ್ನು ಒಂದು ಪಿಎಲ್‌ಸಿ, ಒಂದು ಡ್ರೈವ್, ನ್ಯೂಮ್ಯಾಟಿಕ್ಸ್ ಮತ್ತು ದೋಷ ಹುಡುಕುವುದಕ್ಕೆ ಇಟ್ಟು, ಇಬ್ಬರಿಗೊಂದು ಬೆಂಚು ಕೊಡುವ ಜಾಗ ಸಿಕ್ಕರೆ ಪಟ್ಟಿ ಚಿಕ್ಕದಾದರೂ ಅದನ್ನೇ ಹಿಡಿಯಿರಿ.

ನೋಡಲು ಹೋದಾಗ ಕಿಟ್ ಮೇಲೆ ನಿಜವಾದ ಸೆನ್ಸರ್, ಮೋಟಾರ್, ವಾಲ್ವ್ ಇವೆಯೇ ನೋಡಿ. ಅನಲಾಗ್ ಇದೆಯೇ ಕೇಳಿ. ಸಾಫ್ಟ್‌ವೇರ್ ಕದ್ದ ಪ್ರತಿಯಾಗಿದ್ದರೆ ಆ ಜಾಗ ಬೇಡ. ಕಲಿಸುವವರ ಆಳ ತಿಳಿಯಲು ಎರಡು ಪ್ರಶ್ನೆ ಸಾಕು.

ಮೊದಲನೆಯದು: ಸ್ಟಾಪ್ ಬಟನ್ ಎನ್‌ಸಿ (ಒತ್ತದಿರುವಾಗ ಕೂಡಿರುವುದು) ಆಗಿದ್ದರೂ ಲ್ಯಾಡರ್‌ನಲ್ಲಿ ಅದಕ್ಕೆ ಎನ್‌ಒ (ಸಹಜವಾಗಿ ಬಿಟ್ಟಿರುವ) ಕಾಂಟ್ಯಾಕ್ಟ್ ಹಾಕುವುದೇಕೆ? ಬಟನ್ ಒತ್ತದಿರುವಾಗ ಅದರ ಮೂಲಕ 24 ವೋಲ್ಟ್ ಹರಿದು ಇನ್‌ಪುಟ್ ಆನ್ ಇರುತ್ತದೆ. ಇನ್‌ಪುಟ್ ಆನ್ ಇದ್ದಾಗ ಎನ್‌ಒ ಕಾಂಟ್ಯಾಕ್ಟ್ ಕೂಡಿರುತ್ತದೆ, ಮೋಟಾರ್ ಓಡುತ್ತದೆ. ಬಟನ್ ಒತ್ತಿದರೂ ನಿಲ್ಲುತ್ತದೆ, ತಂತಿ ತುಂಡಾದರೂ ನಿಲ್ಲುತ್ತದೆ. ಆ ಎರಡನೆಯ ಕಾರಣಕ್ಕಾಗಿಯೇ ಸ್ಟಾಪ್ ಬಟನ್ ಎನ್‌ಸಿ ಆಗಿರುವುದು. ಇದನ್ನು ಎರಡು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲವರು ಕೆಲಸ ಮಾಡಿದವರು. ‘ಅದು ಹಾಗೇ’ ಎಂದರೆ ಬೇರೆ ಕಡೆ ನೋಡಿ.

ಎರಡನೆಯದು: 0ಯಿಂದ 10 ಬಾರ್ ಒತ್ತಡ ಅಳೆಯುವ, 4–20 ಮಿಲಿಆಂಪ್ ಕೊಡುವ ಟ್ರಾನ್ಸ್‌ಮಿಟರ್ ಇದೆ. ಪೈಪಿನಲ್ಲಿ ಒತ್ತಡವೇ ಇಲ್ಲ, ಆದರೂ ಪರದೆ 2 ಬಾರ್ ತೋರಿಸುತ್ತಿದೆ. ಏನಾಗಿದೆ? ಇನ್‌ಪುಟ್ ಚಾನೆಲನ್ನು 0–20 ಮಿಲಿಆಂಪ್‌ಗೆ ಹೊಂದಿಸಿದ್ದಾರೆ. 4 ಎಂಬುದು 20ರ ಐದನೇ ಒಂದು ಪಾಲು, 10 ಬಾರ್‌ನಲ್ಲಿ ಐದನೇ ಒಂದು ಪಾಲು 2. ಸೀಮೆನ್ಸ್ ಪಿಎಲ್‌ಸಿಯಾದರೆ ಪೂರ್ಣ ಅಳತೆಗೆ 27648 ಬರುವ ಚಾನೆಲ್‌ನಲ್ಲಿ ಸೊನ್ನೆಯ ಬದಲು ಸುಮಾರು 5530 ಎಂಬ ಸಂಖ್ಯೆ ಕೂತಿರುತ್ತದೆ. ಜೊತೆಗೇ ಕೇಳಿ, ಸೊನ್ನೆಯಿಂದ ಶುರುಮಾಡದೆ 4ರಿಂದ ಶುರುಮಾಡಿದ್ದೇಕೆ? ಒಂದು ಮುಖ್ಯ ಕಾರಣ, ತಂತಿ ತುಂಡಾದರೆ 0 ಮಿಲಿಆಂಪ್ ಬರುತ್ತದೆ, ಒತ್ತಡ ಇಲ್ಲದಿರುವುದಕ್ಕೂ ತಂತಿ ಇಲ್ಲದಿರುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ರೋಬಾಟ್ ಭಾಗವನ್ನು ಅಳೆಯುವುದಕ್ಕೂ ಹೀಗೆಯೇ ಒಂದು ಹಾದಿ ಇದೆ. ರೋಬಾಟ್‌ಗೆ ಚಲನೆ ಕಲಿಸುವ ಕೈಪೆಟ್ಟಿಗೆ, ಅಂದರೆ ಟೀಚ್ ಪೆಂಡೆಂಟ್, ನನ್ನ ಕೈಯಲ್ಲಿ ಎಷ್ಟು ಗಂಟೆ ಇರುತ್ತದೆ ಎಂದು ಕೇಳಿ. ಕಲಿಸುವಾಗ ರೋಬಾಟ್ ಸೆಕೆಂಡಿಗೆ 250 ಮಿಲಿಮೀಟರ್ ಮೀರದ ನಿಧಾನಗತಿಯಲ್ಲಿ ಓಡಬೇಕು. ಪೆಂಡೆಂಟ್ ಹಿಂಬದಿಯ ಎನೇಬಲ್ ಸ್ವಿಚ್‌ಗೆ ಮೂರು ಸ್ಥಾನ. ನಡುವಿನಲ್ಲಿ ಹಿಡಿದಾಗ ಮಾತ್ರ ಚಲನೆ, ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಅದುಮಿದರೂ ನಿಲ್ಲುತ್ತದೆ. ಇದನ್ನು ಮೊದಲ ದಿನವೇ ಕಲಿಸಬೇಕು. ಆಮೇಲೆ ಟೂಲ್‌ನ ತುದಿಬಿಂದುವನ್ನು ನಾಲ್ಕು ಭಂಗಿಗಳಿಂದ ಒಂದೇ ಮೊನೆಗೆ ತಾಗಿಸಿ ಗುರುತಿಸುವುದು. ಅದು ತಪ್ಪಿದ್ದರೆ ತುದಿಯ ಸುತ್ತ ತಿರುಗಿಸಿದಾಗ ತುದಿ ಒಂದೆಡೆ ನಿಲ್ಲದೆ ಅಲೆಯುತ್ತದೆ. ಇಷ್ಟೂ ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಎಂದಾದರೆ, ಅದನ್ನು ಮನೆಯಲ್ಲೇ ಕಲಿಯಬಹುದು, ಫೀ ಕಟ್ಟಬೇಕಿಲ್ಲ.

‘ಕೆಲಸ ಖಾತ್ರಿ’ ಎಂದವರನ್ನು ಯಾವ ಹುದ್ದೆಗೆ ಎಂದು ಬರಹದಲ್ಲಿ ಕೊಡಲು ಕೇಳಿ. ಬಿಡಿಭಾಗ ಮಾರುವ ಕೆಲಸವೂ ಆ ಖಾತ್ರಿಯೊಳಗೆ ಬರುತ್ತಿರಬಹುದು.

ತಯಾರಕ ಕಂಪನಿಗಳ ತರಬೇತಿ

ಸೀಮೆನ್ಸ್, ರಾಕ್‌ವೆಲ್, ಫಾನಕ್, ಎಬಿಬಿ, ಕೂಕಾ ಮುಂತಾದವರೇ ನಡೆಸುವ ಪಾಠಗಳು ಸಾಮಾನ್ಯವಾಗಿ ಮೂರರಿಂದ ಐದು ದಿನದವು. ದಿನದ ಲೆಕ್ಕದಲ್ಲಿ ನೋಡಿದರೆ ಎಲ್ಲಕ್ಕಿಂತ ದುಬಾರಿ, ಗುಣಮಟ್ಟದಲ್ಲೂ ಮೇಲು. ಆದರೆ ಬುನಾದಿ ಇದೆಯೆಂದು ನಂಬಿಯೇ ಪಾಠ ಶುರುವಾಗುತ್ತದೆ. ಹೊಸಬರಿಗೆ ಎರಡನೇ ದಿನದಿಂದಲೇ ತಲೆಯ ಮೇಲಿಂದ ಹೋಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ, ಕಂಪನಿಯೇ ಖರ್ಚು ಕೊಟ್ಟು ಕಳಿಸಿದಾಗ ಹೋಗಬೇಕಾದ ಜಾಗ ಇದು.

ಅಲ್ಲಿ ಮಾತ್ರ ಸರಿಯಾಗಿ ಸಿಗುವ ಸಂಗತಿಗಳುಂಟು. ಎಷ್ಟೋ ರೋಬಾಟ್‌ಗಳಲ್ಲಿ ಕೀಲುಗಳ ಸ್ಥಾನ ನೆನಪಿಡಲು ಬ್ಯಾಟರಿ ಇರುತ್ತದೆ. ಫಾನಕ್‌ನಲ್ಲಿ ಅದನ್ನು ಕಂಟ್ರೋಲರ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ಬ್ಯಾಟರಿ ತೆಗೆದರೆ ಸ್ಥಾನದ ಮಾಹಿತಿ ಅಳಿಸಿಹೋಗಿ, ಮತ್ತೆ ಮಾಸ್ಟರಿಂಗ್ (ಕೀಲುಗಳ ಸೊನ್ನೆ ಸ್ಥಾನವನ್ನು ಗುರುತಿಸುವುದು) ಮಾಡುವವರೆಗೆ ರೋಬಾಟ್ ಕೆಲಸಕ್ಕಿಲ್ಲ. ಬೇರೆಲ್ಲ ಕಡೆ ‘ಮೊದಲು ಸಪ್ಲೈ ತೆಗಿ’ ಎಂದು ಕಲಿತ ಕೈ ಇಲ್ಲಿ ಎಡವುತ್ತದೆ.

ಮನೆಯಲ್ಲಿ, ಸ್ವಂತವಾಗಿ

ಪ್ರೋಗ್ರಾಮಿಂಗ್ ಕಲಿಯಲು ಈಗ ಹಣ ಬೇಕಿಲ್ಲ. ಕೋಡಿಸಿಸ್ ಎಂಬ ಪಿಎಲ್‌ಸಿ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಪಿಸಿಯ ಮೇಲೆ ಓಡುವ ಅದರ ಸಾಫ್ಟ್ ಪಿಎಲ್‌ಸಿ ಲೈಸೆನ್ಸ್ ಇಲ್ಲದಿದ್ದರೆ ಎರಡು ಗಂಟೆಗೊಮ್ಮೆ ನಿಲ್ಲುತ್ತದೆ, ಮತ್ತೆ ಶುರುಮಾಡಿಕೊಂಡರಾಯಿತು. ಓಪನ್‌ಪಿಎಲ್‌ಸಿ ಪೂರ್ತಿ ಮುಕ್ತ. ಸೀಮೆನ್ಸ್‌ನ ಟಿಐಎ ಪೋರ್ಟಲ್ 21 ದಿನದ ಪ್ರಯೋಗಕ್ಕೆ ಸಿಗುತ್ತದೆ. ಯುನಿವರ್ಸಲ್ ರೋಬಾಟ್ಸ್ ಕಂಪನಿಯ ಆನ್‌ಲೈನ್ ಪಾಠ ಮತ್ತು ಸಿಮ್ಯುಲೇಟರ್ ಎರಡೂ ಉಚಿತ.

ಆದರೆ ಪರದೆಯೊಂದೇ ಸಾಲದು, ಒಂದು ಚಿಕ್ಕ ಬೆಂಚು ಬೇಕು. 24 ವೋಲ್ಟ್ ಡಿಸಿ, 2.5 ಆಂಪ್ ಪವರ್ ಸಪ್ಲೈ ಒಂದು. ಎಂಟು ಡಿಜಿಟಲ್ ಇನ್‌ಪುಟ್, ಆರು ಔಟ್‌ಪುಟ್, ಎರಡು ಅನಲಾಗ್ ಇನ್‌ಪುಟ್ ಇರುವ ಪಿಎಲ್‌ಸಿ ಒಂದು, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಇಂಡಕ್ಟಿವ್ (ಲೋಹ ಗುರುತಿಸುವ) ಸೆನ್ಸರ್ ಎರಡು, ಬೇಕೆಂದೇ ಒಂದು ಪಿಎನ್‌ಪಿ, ಒಂದು ಎನ್‌ಪಿಎನ್. 24 ವೋಲ್ಟ್ ರಿಲೇ ಎರಡು. ಎನ್‌ಒ, ಎನ್‌ಸಿ ಬಟನ್‌ಗಳು, ಎರಡು ಎನ್‌ಸಿ ಕಾಂಟ್ಯಾಕ್ಟ್ ಇರುವ ಎಮರ್ಜೆನ್ಸಿ ಸ್ಟಾಪ್, ಮೂವತ್ತು ಟರ್ಮಿನಲ್, ಒಂದು ಫ್ಯೂಸ್ ಟರ್ಮಿನಲ್, ಇವನ್ನು ಸಿಕ್ಕಿಸುವ ಡಿನ್ ರೈಲು ಎಂಬ ಲೋಹದ ಪಟ್ಟಿ, 0.5 ಮತ್ತು 0.75 ಚದರ ಮಿಲಿಮೀಟರ್ ತಂತಿ, ಅದಕ್ಕೆ ಹೊಂದುವ ಫೆರುಲ್ (ತಂತಿಯ ತುದಿಗೆ ತೊಡಿಸುವ ಲೋಹದ ಕೊಳವೆ) ಮತ್ತು ಕ್ರಿಂಪಿಂಗ್ ಇಕ್ಕಳ. ಉಳಿತಾಯ ಮಾಡಬಾರದ ಒಂದೇ ವಸ್ತು ಮಲ್ಟಿಮೀಟರ್, ಅದರ ಸುರಕ್ಷತೆಯ ದರ್ಜೆ ಕ್ಯಾಟ್ 3, 600 ವೋಲ್ಟ್‌ಗೆ ಕಡಿಮೆ ಬೇಡ. ಮುಂದೆ ಕೆಲಸಕ್ಕೂ ಅದೇ ಬರುತ್ತದೆ.

ಇಲ್ಲಿ ಕೆಡುವುದು ಹೇಗೆಂದು ಮೊದಲೇ ತಿಳಿದಿರಲಿ. ಟ್ರಾನ್ಸಿಸ್ಟರ್ ಔಟ್‌ಪುಟ್ ಸಾಮಾನ್ಯವಾಗಿ 0.5 ಆಂಪ್‌ನದು, ಅದಕ್ಕೆ ನೇರವಾಗಿ ಮೋಟಾರ್ ಕಟ್ಟಿದರೆ ಸುಟ್ಟುಹೋಗುತ್ತದೆ. ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಏಳುವ ಹಿಮ್ಮುಖ ವೋಲ್ಟೇಜ್ ಔಟ್‌ಪುಟನ್ನು ಕೆಡಿಸಬಹುದು, 1ಎನ್4007 ಸಾಕು. ಎರಡು ಪವರ್ ಸಪ್ಲೈ ಬಳಸಿ ಅವುಗಳ 0 ವೋಲ್ಟ್ ಸೇರಿಸಲು ಮರೆತರೆ ಸೆನ್ಸರ್‌ನ ಎಲ್‌ಇಡಿ ಉರಿಯುತ್ತದೆ, ಇನ್‌ಪುಟ್ ಬರುವುದಿಲ್ಲ. ಎಳೆತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಟರ್ಮಿನಲ್‌ಗೆ ಬಿಗಿಯಬೇಡಿ, ಮೆತ್ತನೆಯ ಬೆಸುಗೆ ಒತ್ತಡಕ್ಕೆ ಕ್ರಮೇಣ ಜಾರಿ ಸ್ಕ್ರೂ ಸಡಿಲವಾಗುತ್ತದೆ. ಫೆರುಲ್ ಇರುವುದು ಅದಕ್ಕೇ.

ಬೆಂಚು ಓಡತೊಡಗಿದ ಮೇಲೆ ಗೆಳೆಯರೊಬ್ಬರಿಗೆ ಸಪ್ಲೈ ತೆಗೆದು ಒಂದು ದೋಷ ಮಾಡಿಡಲು ಹೇಳಿ. ಒಂದು ಫೆರುಲ್ ಸಡಿಲಿಸುವುದು, ಸೆನ್ಸರ್ ಅದಲುಬದಲು ಮಾಡುವುದು, ಫ್ಯೂಸ್ ತೆಗೆಯುವುದು. ನೀವು ಪ್ರೋಗ್ರಾಮ್ ಮುಟ್ಟದೆ, ಮೀಟರ್ ಮತ್ತು ಡ್ರಾಯಿಂಗ್ ಮಾತ್ರ ಹಿಡಿದು ಹುಡುಕಿ. ಹೀಗೆ ಐವತ್ತು ದೋಷ ಹುಡುಕಿದವರು ಎಷ್ಟೋ ಸರ್ಟಿಫಿಕೇಟ್‌ದಾರರಿಗಿಂತ ಮುಂದಿರುತ್ತಾರೆ.

ಗಡಿ ಎಲ್ಲಿದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಮೂರು ಫೇಸ್ ಮತ್ತು ಡ್ರೈವ್ ಒಬ್ಬರೇ ಮನೆಯಲ್ಲಿ ಕಲಿಯುವ ವಿಷಯವಲ್ಲ. 400 ವೋಲ್ಟ್ ಡ್ರೈವ್‌ನ ಒಳಗೆ ಸುಮಾರು 565 ವೋಲ್ಟ್ ಡಿಸಿ ಇರುತ್ತದೆ. ಸಪ್ಲೈ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಕೆಲವು ನಿಮಿಷ ಉಳಿಯುತ್ತದೆ. ಮೀಟರ್ ಸರಿಯಿದೆಯೇ ಎಂದು ಸಪ್ಲೈ ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ಸಪ್ಲೈ ಇಲ್ಲವೆಂದು ಅಳೆದು, ಮತ್ತೆ ಸಪ್ಲೈ ಇರುವ ಕಡೆ ಮೀಟರನ್ನು ಖಚಿತಪಡಿಸಿಕೊಳ್ಳುವ ಪದ್ಧತಿ ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಿದರೇನೇ ಕೈಗೆ ಹತ್ತುವುದು. ಈ ದಾರಿಯ ಇನ್ನೊಂದು ಕೊರತೆ ಮಾನ್ಯತೆ. ಅರ್ಜಿಗೆ ಲಗತ್ತಿಸಲು ಕಾಗದವಿರುವುದಿಲ್ಲ.

ಯಾರಿಗೆ ಯಾವುದು

ಶಾಲೆ ಮುಗಿಸಿ, ಮನೆಯಲ್ಲಿ ಎರಡು–ಮೂರು ವರ್ಷ ಓದಿಸುವ ಶಕ್ತಿ ಇದ್ದರೆ ಡಿಪ್ಲೊಮಾ, ಎರಡನೇ ವರ್ಷದಿಂದ ಜೊತೆಗೊಂದು ಸ್ವಂತ ಬೆಂಚು. ಅಷ್ಟು ಕಾಲ ದುಡಿಮೆಯಿಲ್ಲದೆ ಇರಲಾಗದು ಎಂದರೆ ಅಪ್ರೆಂಟಿಸ್‌ಶಿಪ್, ಅದೂ ತರಗತಿ ಜೊತೆಗಿರುವುದು. ಇವೆರಡರ ನಡುವೆ ಹಣದ ಅಡ್ಡಿಯೇ ಇಲ್ಲದಿದ್ದರೂ, ಒಳ್ಳೆಯ ಕಾರ್ಖಾನೆಯ ಅಪ್ರೆಂಟಿಸ್‌ಶಿಪ್ ಮತ್ತು ಕಳಪೆ ಲ್ಯಾಬಿನ ಡಿಪ್ಲೊಮಾ ಎದುರಿಗಿದ್ದರೆ ನಾವು ಮೊದಲನೆಯದನ್ನೇ ಹೇಳುತ್ತೇವೆ.

ಕೆಲಸದಲ್ಲಿರುವ ಎಲೆಕ್ಟ್ರಿಷಿಯನ್‌ಗೆ ಬುನಾದಿ ಆಗಲೇ ಇದೆ. ಅವರು ಕೆಲಸ ಬಿಡುವ ಅಗತ್ಯವೇ ಇಲ್ಲ. ಮೂರು ತಿಂಗಳು ಮನೆಯಲ್ಲಿ ಲ್ಯಾಡರ್, ಆಮೇಲೆ ವಾರಾಂತ್ಯದಲ್ಲಿ ನಡೆಯುವ, ಅನಲಾಗ್ ಮತ್ತು ಡ್ರೈವ್ ಇರುವ ಚಿಕ್ಕ ಕೋರ್ಸ್. ಐದು ದಾರಿಗಳಲ್ಲಿ ಹಾಕಿದ ಹಣ ಬೇಗ ಮರಳುವುದು ಇವರಿಗೇ.

ಎಂಜಿನಿಯರಿಂಗ್ ಅಥವಾ ಸಾಫ್ಟ್‌ವೇರ್ ಕಡೆಯಿಂದ ಬರುವವರು ಪ್ರೋಗ್ರಾಮನ್ನು ಒಂದು ವಾರದಲ್ಲಿ ಕಲಿತು, ತಾವು ಸಿದ್ಧ ಎಂದುಕೊಳ್ಳುತ್ತಾರೆ. ಇವರು ಪಿಎಲ್‌ಸಿ ಕೋರ್ಸ್‌ಗೆ ಹಣ ಹಾಕುವುದು ದಂಡ. ಪ್ಯಾನೆಲ್ ಕಟ್ಟುವ ವರ್ಕ್‌ಶಾಪ್‌ನಲ್ಲಿ ಆರು ತಿಂಗಳು, ಕಡಿಮೆ ಸಂಬಳವಾದರೂ ಸರಿ, ಡ್ರಾಯಿಂಗ್ ನೋಡಿ ತಂತಿ ಎಳೆದು ಟೆಸ್ಟ್ ಮಾಡಿದರೆ ಕೊರತೆ ತುಂಬುತ್ತದೆ.

ಫಿಟ್ಟರ್‌ಗಳು, ಮೆಕ್ಯಾನಿಕಲ್ ಮೇಂಟೆನೆನ್ಸ್‌ನವರು ತಮಗಿದು ಒಗ್ಗದು ಎಂದು ಹಿಂಜರಿಯುವುದುಂಟು. ಬೇರಿಂಗ್ ಸವೆದಾಗಿನ ಸದ್ದು, ಬೆಲ್ಟ್ ಜಾರುವುದು, ಸಿಲಿಂಡರ್ ಸೀಲ್ ಸೋರುವುದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಅದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ಅವರು ನ್ಯೂಮ್ಯಾಟಿಕ್ಸ್‌ನಿಂದ ಶುರುಮಾಡಲಿ. 5/2 (ಐದು ಬಾಯಿ, ಎರಡು ಸ್ಥಾನದ) ವಾಲ್ವ್, ಅದರ 24 ವೋಲ್ಟ್ ಕಾಯಿಲ್, ಆ ಕಾಯಿಲ್‌ಗೆ ಬರುವ ತಂತಿ, ಆ ತಂತಿ ಹೊರಡುವ ಔಟ್‌ಪುಟ್, ಆ ಔಟ್‌ಪುಟ್‌ನ ಲ್ಯಾಡರ್ ಸಾಲು, ಹೀಗೆ ಯಂತ್ರದಿಂದ ಹಿಮ್ಮುಖವಾಗಿ ಪ್ಯಾನೆಲ್ ಕಡೆಗೆ ನಡೆಯಲಿ. ವಿದ್ಯುತ್ತಿನ ಬುನಾದಿಗೆ ಸಂಜೆ ತರಗತಿ ಒಂದು ವರ್ಷ ಹಿಡಿದೀತು, ಅದನ್ನು ಮಾತ್ರ ಬಿಡುವಂತಿಲ್ಲ. ಅದು ಮುಗಿಯುವವರೆಗೆ ಪ್ಯಾನೆಲ್‌ನ 24 ವೋಲ್ಟ್ ಭಾಗದಾಚೆಗೆ ಅವರ ಕೈ ಹೋಗಬಾರದು.